ಹಿಡಿಸೂಡಿ ಕಡ್ಡಿಯ ಅಳತೆ

ಮಡಂತ್ಯಾರಿನ ಆಚೀಚೆ ಯಾರಾದರೂ ಏರ್ ರೈಫಲ್ ತೆಗೆದುಕೊಂಡರೆಂದರೆ ಅದು ಮಂಗಗಳಿಗಾಗಿಯೇ, ಅದರಲ್ಲಿ ಎರಡು ಮಾತಿಲ್ಲ. ಎಳನೀರಿನ ಬೊಂಡ ಕೊರೆದು ಬಿಸಾಡುವ, ಹಂಚು ಸರಿಸುವ, ಕೊನೆಗೆ ಧೈರ್ಯ ಹೆಚ್ಚಾಗಿ ಅಡುಗೆಮನೆಯಿಂದಲೇ ಬಾಳೆಹಣ್ಣು ಹೊತ್ತೊಯ್ಯುವ ಆ ಸಂಸಾರವನ್ನು ಹೆದರಿಸಲು ಒಂದು ಸದ್ದು ಬೇಕು. ಅದಕ್ಕೆ ಕೋವಿ. ಹಾಗಾಗಿ ಗಲ್ಫ್ ಬಿಟ್ಟು ಊರಿಗೆ ಬಂದು ವರ್ಷವೊಂದಾದ ಅಬ್ದುಲ್ ನಾಸಿರ್ ಒಂದು ಬೆಳಿಗ್ಗೆ ರಿಕ್ಷಾ ಹತ್ತಿ, "ಮೂಡಬಿದ್ರೆಗೆ ಹೋಗುವ ಅಣ್ಣು, ಒಂದು ಏರ್ ರೈಫಲ್ ನೋಡ್ಲಿಕ್ಕುಂಟು" ಎಂದಾಗ ರಿಕ್ಷಾದ ಅಣ್ಣುವಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಿಮ್ಮಲ್ಲಿಗೂ ಮಂಗ ಶುರುವಾಯ್ತಾ ನಾಸಿರಾಕ?"

"ಮಂಗನಿಗಲ್ಲ."

"ಹಂದಿಗೆ ಅದು ಸಾಕಾಗ್ಲಿಕ್ಕಿಲ್ಲ, ಈಗಲೇ ಹೇಳ್ತೇನೆ."

"ಹಂದಿಗೂ ಅಲ್ಲ ಮಾರಾಯ. ಕಾಗದಕ್ಕೆ ಹೊಡೀಲಿಕ್ಕೆ."

ಅಣ್ಣು ಹಿಂದೆ ತಿರುಗಿ ನೋಡಿದ. ರಿಕ್ಷಾ ಚರಂಡಿಯ ಅಂಚಿನವರೆಗೆ ಹೋಗಿ ವಾಪಸು ಬಂತು. ಕಾಗದ ಇವರಿಗೆ ಏನು ಮಾಡಿತು ಎಂದು ಕೇಳುವ ಆಸೆ ಅವನಿಗಿದ್ದರೂ, ದೂರದ ಬಾಡಿಗೆ ಸಿಕ್ಕಿದ ದಿನ ಹೆಚ್ಚು ಬಾಯಿ ಹಾಕಬಾರದೆಂಬ ಬುದ್ಧಿಯೂ ಇತ್ತು. ಸಿದ್ಧಕಟ್ಟೆ ದಾಟುವವರೆಗೆ ಅವನು ರಸ್ತೆಯನ್ನೇ ನೋಡಿಕೊಂಡು ರಿಕ್ಷಾ ಬಿಟ್ಟ. ನಾಸಿರಾಕನಿಗೂ ಈಚೆಗೆ ಮಾತನಾಡದೆ ಇರುವುದು ಚೆನ್ನಾಗಿ ರೂಢಿಯಾಗಿತ್ತು.

ನಾಸಿರಾಕ ಪ್ರಾಯದ ಹೆಚ್ಚಿನ ಪಾಲನ್ನು ಸವೆಸಿದ್ದು ಮಸ್ಕತ್ತಿನ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ. ಊರಿನಲ್ಲಿ ಇದನ್ನು ಹೇಳಿದರೆ ಜನ ಕಣ್ಣರಳಿಸುತ್ತಿದ್ದರು, ಆದರೆ ಕೆಲಸ ಅಂಥದ್ದೇನಲ್ಲ. ಗುಡಿಸುವುದು, ಚಹಾ ಕೊಡುವುದು, ರೈಫಲ್ ಒರೆಸಿ ಪೆಟ್ಟಿಗೆಗೆ ಹಾಕುವುದು, ಮತ್ತೆ ಮುಖ್ಯವಾಗಿ ಕಾರ್ಡು ತರುವುದು. ಸಾಹೇಬರು ಹತ್ತು ಮೀಟರು ದೂರದ, ವೃತ್ತ ಬರೆದ ಕಾರ್ಡಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಾಸಿರಾಕ ನಡೆದುಹೋಗಿ ಅದನ್ನು ಬಿಡಿಸಿ, ಹೊಸತು ಸಿಕ್ಕಿಸಿ, ಹಳೆಯದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರ ಮುಂದೆ ಚಾಚುತ್ತಾರೆ. ಕಾರ್ಡು ತಾನೇ ಓಡಿ ಬರುವ ಯಂತ್ರ ಬಂದ ಮೇಲೂ ಕೆಲವು ಹಳಬರಿಗೆ ನಾಸಿರನೇ ಆಗಬೇಕಿತ್ತು. ಯಾಕೆಂದರೆ ಯಂತ್ರ ಸಮಾಧಾನ ಹೇಳುವುದಿಲ್ಲ. ತೂತು ಎಲ್ಲೋ ಅಂಚಿನಲ್ಲಿ ಬಿದ್ದಿದ್ದರೆ ನಾಸಿರಾಕ ಹೇಳುತ್ತಿದ್ದರು, "ಪರವಾಗಿಲ್ಲ ಸಾಹೇಬ್, ಮುಂದಿನದ್ದು ಒಳಗೆ ಬೀಳ್ತದೆ."

ಅಷ್ಟು ವರ್ಷಗಳಲ್ಲಿ ಅವರು ಒಂದೇ ಒಂದು ಗುಂಡು ಹೊಡೆದವರಲ್ಲ. ಕೆಲಸದವರು ಗೆರೆಯ ಮೇಲೆ ನಿಂತು ಹೊಡೆಯಬಾರದೆಂದು ಕ್ಲಬ್ಬಿನ ಕಾನೂನು. ನಾಸಿರಾಕ ಕಾನೂನು ಮುರಿಯುವ ಜಾತಿಯವರಲ್ಲ. ಆದರೆ ಸಂಜೆ ರೈಫಲ್ ಒರೆಸುವಾಗ, ಯಾರೂ ಇಲ್ಲದಿದ್ದರೆ, ಒಮ್ಮೆ ಹೆಗಲಿಗೆ ಇಟ್ಟು ಹಿಂದಿನ ಸಣ್ಣ ತೂತಿನೊಳಗಿಂದ ಮುಂದಿನ ಉಂಗುರವನ್ನು ನೋಡಿ, ಉಸಿರು ಹಿಡಿದು, ಬಿಟ್ಟು, ಕೆಳಗಿಡುತ್ತಿದ್ದರು. ಅಷ್ಟು ಮಾಡಿದರೆ ಕಾನೂನು ಮುರಿದ ಹಾಗಾಗುವುದಿಲ್ಲವೆಂದು ಅವರೇ ತೀರ್ಮಾನಿಸಿಕೊಂಡಿದ್ದರು.

ಒಮ್ಮೆ ಫೋನಿನಲ್ಲಿ ಮಗಳು ಫಾಹಿಮಾ ಕೇಳಿದ್ದಳು. ಆಗ ಅವಳು ಮುಂದಿನ ಹಲ್ಲು ಬಿದ್ದು ಮಾತೆಲ್ಲ ಸೋರಿಹೋಗುವ ವಯಸ್ಸಿನವಳು. "ಉಪ್ಪಾ, ಅದು ನನಗೂ ಕಲಿಸ್ತೀರಾ?" ಕಲಿಸ್ತೇನೆ ಮೋಳೇ, ಪೂರ್ತಿ ಊರಿಗೆ ಬಂದ ಮೇಲೆ ನಾವಿಬ್ಬರೂ ಹೊಡೆಯುವ, ಎಂದಿದ್ದರು ನಾಸಿರಾಕ. ಆ ಮಾತು ಅವರೊಳಗೆ ಹಾಗೇ ಕುಳಿತುಬಿಟ್ಟಿತು. ಸೆಕೆಯಲ್ಲಿ, ಜ್ವರದಲ್ಲಿ, ರೂಮಿನವರೆಲ್ಲ ರಜೆಗೆ ಹೋಗಿ ತಾನೊಬ್ಬನೇ ಉಳಿದ ಹಬ್ಬಗಳಲ್ಲಿ ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದರು. ತಾನು ಊರಿಗೆ ಹೋಗಿ ಮಾಡಬೇಕಾದ ಕೆಲಸವೊಂದಿದೆ ಎಂಬುದೇ ಅವರಿಗೆ ದೊಡ್ಡ ಆಸರೆಯಾಗಿತ್ತು.

ಊರಿಗೆ ಬಂದಾಯಿತು. ಬಂದ ಮೇಲೆ ತಿಳಿದದ್ದು, ಮನೆ ಅವರಿಲ್ಲದೆ ಬಹಳ ಚೆನ್ನಾಗಿ ನಡೆಯುತ್ತದೆ ಎಂಬುದು. ಗ್ಯಾಸಿನವನಿಗೆ ಹೆಂಡತಿ ಮೈಮೂನಾಳ ನಂಬರು ಗೊತ್ತು, ಕರೆಂಟಿನವನಿಗೂ ಅವಳದ್ದೇ. ಮೀನಿನವನು ಗೇಟಿನಲ್ಲಿ ನಾಸಿರಾಕನನ್ನು ಕಂಡರೆ, "ಮನೆಯವರಿಲ್ವಾ?" ಎಂದು ಕೇಳುತ್ತಿದ್ದ. ಫಾಹಿಮಾ ಬಿ.ಸಿ. ರೋಡಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಬೆಳಿಗ್ಗೆ ಬಸ್ಸಿಗೆ ಓಡುವಳು, ದೀಪ ಹಚ್ಚುವ ಹೊತ್ತಿಗೆ ಬರುವಳು. ತಾಯಿಯೂ ಮಗಳೂ ಅಡುಗೆಮನೆಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದವರು, ಇವರು ಬಾಗಿಲಿಗೆ ಬಂದರೆ "ಏನು ಬೇಕಿತ್ತು?" ಎಂದು ಎದ್ದು ನಿಲ್ಲುತ್ತಿದ್ದರು. ಪ್ರೀತಿಗೆ ಕಡಿಮೆಯಿಲ್ಲ, ಮರ್ಯಾದೆಗೂ ಕಡಿಮೆಯಿಲ್ಲ. ಮೈಮೂನಾ ಈಗಲೂ ಅವರಿಗೆ ಚಹಾ ಕೊಡುವುದು ನೆಂಟರಿಗೆಂದು ಕಪಾಟಿನಲ್ಲಿ ಇಟ್ಟ ಹೂವಿನ ಕಪ್ಪಿನಲ್ಲಿ. ರಜೆಗೆ ಬಂದಾಗಲೆಲ್ಲ ಹಾಗೆ ಕೊಟ್ಟು ಅಭ್ಯಾಸ. ನನಗೂ ನಿಮ್ಮ ಹಾಗೆ ಸ್ಟೀಲು ಲೋಟದಲ್ಲೇ ಕೊಡು ಎನ್ನಲು ನಾಸಿರಾಕನಿಗೆ ಬಾಯಿ ಬರಲಿಲ್ಲ.

ಹೀಗೆ ಮೂಲೆಯಲ್ಲಿ ಕುಳಿತು ಕುಳಿತು, ಕೊನೆಗೊಂದು ದಿನ, ಕೊಟ್ಟ ಮಾತನ್ನಾದರೂ ನಡೆಸುವ ಎಂದು ಅವರು ಎದ್ದದ್ದು.

"ಕೋವಿ ಯಾಕೆ ಈಗ?" ಎಂದಿದ್ದಳು ಮೈಮೂನಾ. "ನೋಡಿದವರು ನಾಲ್ಕು ಮಾತಾಡ್ತಾರೆ. ಹೊತ್ತು ಹೋಗದಿದ್ರೆ ಒಂದು ಅಂಗಡಿ ಹಾಕಿ."

"ಫಾಹಿಮಾನಿಗೆ ಅಂತ."

"ಅವಳು ಕೇಳಿದ್ಳಾ?"

"ಕೇಳಿದ್ಳು" ಎಂದರು ನಾಸಿರಾಕ. ಯಾವಾಗ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಮೂಡಬಿದ್ರೆಯ ಆ ಅಂಗಡಿಯಲ್ಲಿ ಕ್ರಿಕೆಟ್ ಬ್ಯಾಟು, ಶಟ್ಲು, ಶಾಲೆಯ ಬಹುಮಾನದ ಕಪ್ಪುಗಳ ಹಿಂದೆ ಒಂದು ಗೋಡೆಯಲ್ಲಿ ಮಾತ್ರ ರೈಫಲ್‌ಗಳು. ಅಂಗಡಿಯ ರಂಜಿತ್ ಲವಲವಿಕೆಯ ಮನುಷ್ಯ. ಮೊದಲು ಇಳಿಸಿದ್ದು ದುರ್ಬೀನು ಕೂರಿಸಿದ, ಕಪ್ಪಗೆ ಮಿಂಚುವ ದೊಡ್ಡದೊಂದನ್ನು.

"ಹೆಚ್ಚು ಹೋಗುವುದು ಇದೇ ಸಾರ್. ಮಂಗ ತೋಟದ ಆ ಕೊನೆಯಲ್ಲಿದ್ರೂ ಕಾಣ್ತದೆ."

"ಮಂಗ ಬೇಡ. ಕಾರ್ಡಿಗೆ ಹೊಡೀಲಿಕ್ಕೆ" ಎಂದರು ನಾಸಿರಾಕ. ರಂಜಿತನ ಮುಖ ಬೆಳಗಿತು. ಕಾರ್ಡಿಗೆ ಹೊಡೆಯುವ ಗಿರಾಕಿ ಅವನಿಗೆ ಅಪರೂಪ. ಈ ಸಣ್ಣ ಅಳತೆಯ ಗುಂಡಿನದ್ದಕ್ಕೆ ಲೈಸನ್ಸ್ ಬೇಡ, ಆಧಾರ್ ಪ್ರತಿಯೊಂದು ಸಾಕು ಎಂದು ಹೇಳುತ್ತಲೇ ಗೋಡೆಯಿಂದ ಒಂದೊಂದಾಗಿ ಇಳಿಸಿ ಗಾಜಿನ ಮೇಲೆ ಸಾಲಾಗಿ ಇಟ್ಟ.

ಆ ಹೊತ್ತು ನಾಸಿರಾಕ ಬೇರೆಯೇ ಮನುಷ್ಯರಾದರು. ಬೆನ್ನು ನೇರವಾಯಿತು. ದುರ್ಬೀನು ಬೇಡವೆಂದರು, ಕಲಿಯುವವರ ಕಣ್ಣು ಅದರಿಂದ ಕೆಡುತ್ತದೆ. ಒಂದರ ಟ್ರಿಗರ್ ಎಳೆದಾಗ ನಡುವೆ ತಡೆದು ಮತ್ತೆ ಹೋಯಿತು, ಅದನ್ನು ಬದಿಗೆ ಸರಿಸಿದರು. ಇನ್ನೊಂದು ಮುಂದಕ್ಕೆ ತೂಗುತ್ತಿತ್ತು, ಎಡಗೈ ಸೋತುಹೋದೀತು ಎಂದರು. ಮತ್ತೊಂದರ ನಳಿಗೆ ಮಡಚಿ ಗಾಳಿ ತುಂಬಿಸಲು ಕುಸ್ತಿಯೇ ಮಾಡಬೇಕಿತ್ತು. ಪ್ರತಿ ಗುಂಡಿಗೂ ಹಾಗೆ ಎಳೆದರೆ ಗುರಿಯಿಡುವ ಕೈಯೇ ನಡುಗುತ್ತದೆ. ಕೊನೆಗೆ ಒಂದು ಉಳಿಯಿತು. ಸಾದಾ ಮರದ್ದು, ಹಿಂದೆ ಸಣ್ಣ ತೂತು, ಮುಂದೆ ಉಂಗುರ, ಟ್ರಿಗರ್ ಬೆಣ್ಣೆಯ ಹಾಗೆ. ನಾಸಿರಾಕ ಅದನ್ನು ಒಂದು ಗಳಿಗೆ ಸುಮ್ಮನೆ ಹಿಡಿದುಕೊಂಡರು.

"ಇದರಲ್ಲಿ ಎರಡು ಅಳತೆ ಬರ್ತದೆ ಸಾರ್, ದೊಡ್ಡವರದ್ದು ಮತ್ತೆ ಮಕ್ಕಳದ್ದು" ಎಂದ ರಂಜಿತ್. "ಯಾರಿಗೆ? ನಿಮಗೇನಾ?"

ಜೀವಮಾನದಲ್ಲಿ ಅಂಗಡಿಯವರು ಯಾರಿಗೆ ಎಂದು ಕೇಳಿದಾಗ ನಾಸಿರಾಕ 'ನನಗೆ' ಎಂದದ್ದಿಲ್ಲ. ಸೀರೆ, ವಾಚು, ಟಾರ್ಚು, ಬೊಂಬೆ, ಸೆಂಟು, ಎಲ್ಲದಕ್ಕೂ ಯಾರದೋ ಹೆಸರಿರುತ್ತಿತ್ತು. ಕಟ್ಟಿ ಮುಗಿಸಿದ ಪೆಟ್ಟಿಗೆಯಲ್ಲಿ ಅವರದ್ದೆಂದರೆ ಒಂದು ಲುಂಗಿ ಇದ್ದರೆ ಇತ್ತು.

"ಮಗಳಿಗೆ" ಎಂದರು.

"ಎಷ್ಟು ಎತ್ತರ ಉಂಟು?"

ನಾಸಿರಾಕನ ಬಲಗೈ ತಾನಾಗಿ ಎದ್ದು, ಅವರ ಎದೆಯ ಹತ್ತಿರ ಗಾಳಿಯಲ್ಲಿ ಅಡ್ಡವಾಗಿ ನಿಂತಿತು. ಇಷ್ಟು.

ರಂಜಿತ್ ಒಳಗೆ ಹೋಗಿ ಅದೇ ರೈಫಲಿನ ಗಿಡ್ಡ ಹಿಡಿಯದ್ದನ್ನು ತಂದ. ರೈಫಲ್ ಮೈಗೆ ಸರಿಹೊಂದುತ್ತದೋ ಎಂದು ನೋಡುವ ಕ್ರಮವೊಂದಿದೆ. ಮಡಚಿದ ಮೊಣಕೈಯ ಒಳಬದಿಗೆ ಹಿಡಿಯ ಬುಡ ತಾಗಿಸಿದರೆ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಬರಬೇಕು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಎಷ್ಟೋ ಸಾಹೇಬರಿಗೆ ಹಾಗೆ ಅಳೆದುಕೊಟ್ಟ ನಾಸಿರಾಕ, ಎದುರಿಗಿಲ್ಲದ ಮಗಳ ಕೈಯನ್ನು ಮನಸ್ಸಿನಲ್ಲೇ ಹಿಡಿಯ ಮೇಲಿಟ್ಟು ನೋಡಿ, ಸರಿ ಉಂಟು ಎಂದರು. ಅವರ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಹಲ್ಲು ಬಿದ್ದ ಆ ಹುಡುಗಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಅಣ್ಣು ವಾಪಸು ಬರುವಾಗ ಉದ್ದನೆಯ ಪೆಟ್ಟಿಗೆಯನ್ನು ಎರಡೆರಡು ಸಲ ನೋಡಿದ. "ಇಷ್ಟು ಚೆಂದದ ಕೋವಿ ಬರೀ ಕಾಗದಕ್ಕಾ?" ಎಂದು ಹೇಳಿಯೇಬಿಟ್ಟ. ನಾಸಿರಾಕ ನಕ್ಕರು. ಆ ದಿನ ಅವರಿಗೆ ಬಹಳ ಸಂತೋಷವಾಗಿತ್ತು.

ಉಳಿದ ವಾರವೆಲ್ಲ ತಯಾರಿ. ಮನೆಯ ಹಿಂದೆ ಮಣ್ಣು ಕಡಿದ ಎತ್ತರದ ದರೆ ಇತ್ತು. ಅದರ ಬುಡದಲ್ಲಿ ಮರಳಿನ ಗೋಣಿ ಪೇರಿಸಿ, ಮುಂದೆ ಹಳೆಯ ಬಟ್ಟೆ ತುಂಬಿಸಿದ ಮರದ ಪೆಟ್ಟಿಗೆ ನಿಲ್ಲಿಸಿ, ಅದಕ್ಕೆ ಕಾರ್ಡು ಸಿಕ್ಕಿಸಿದರು. ಹತ್ತು ಮೀಟರು ಅಳೆದು ಸುಣ್ಣದಲ್ಲಿ ಗೆರೆ ಎಳೆದರು. ಗೆರೆಯ ಪಕ್ಕ ಒಂದು ಸ್ಟೂಲು. ಕೋಳಿಗಳನ್ನು ಮೈಮೂನಾ ಬೈದುಕೊಂಡೇ ಗೂಡಿಗೆ ಹಾಕಿದಳು.

ಆದಿತ್ಯವಾರ ಬೆಳಿಗ್ಗೆ ಫಾಹಿಮಾ ಹಿಂದಿನ ಬಾಗಿಲಿನಿಂದ ಬಂದಳು. ತಲೆಗೆ ಶಾಲು, ಕೈಯಲ್ಲಿ ಫೋನು. ಸುಣ್ಣದ ಗೆರೆ, ಸ್ಟೂಲು, ಅದರ ಮೇಲಿನ ರೈಫಲು ಎಲ್ಲವನ್ನೂ ನೋಡಿ, "ಇದೆಲ್ಲ ಎಂತ ಉಪ್ಪಾ?" ಎಂದಳು.

"ನಿನಗೆ" ಎಂದರು ನಾಸಿರಾಕ. "ತೆಗಿ. ಹೆಗಲಿಗೆ ಇಡು."

ಫಾಹಿಮಾ ಫೋನನ್ನು ಸ್ಟೂಲಿನ ಮೇಲಿಟ್ಟು ರೈಫಲ್ ಎತ್ತಿದಳು. ಅವಳು ತನ್ನ ಪಕ್ಕದಲ್ಲಿ ಇಷ್ಟು ಹತ್ತಿರ ಸುಮ್ಮನೆ ನಿಂತದ್ದನ್ನು ನಾಸಿರಾಕ ಆ ವರ್ಷದಲ್ಲಿ ನೋಡಿರಲಿಲ್ಲ. ಅವಳ ತಲೆ ಅವರ ಕಿವಿಗೆ ಬರುತ್ತಿತ್ತು. ಹಿಡಿ ಹೆಗಲಿಗೆ ತಾಗಿದಾಗ ಬಲಮೊಣಕೈ ಮಡಚಿ ಮಡಚಿ ಪಕ್ಕೆಗೆ ಒತ್ತಿತು, ಮೂಗು ಹೆಬ್ಬೆರಳಿಗೆ ಬಡಿಯಿತು, ಕುತ್ತಿಗೆ ಮುದುಡಿತು. ಶಾಲೆಯ ಬೆಂಚಿನಲ್ಲಿ ದೊಡ್ಡವರು ಕುಳಿತ ಹಾಗಿತ್ತು.

ಅವಳು ಕತ್ತನ್ನು ಇನ್ನಷ್ಟು ಒಳಗೆ ಎಳೆದುಕೊಂಡು, ನಗುಮುಖ ಮಾಡಿ, "ಸರಿ ಉಂಟು ಉಪ್ಪಾ" ಎಂದಳು.

ಆ ದನಿ ನಾಸಿರಾಕನಿಗೆ ಗೊತ್ತಿತ್ತು.

ಪ್ರತಿ ರಜೆ ಮುಗಿದು ಹೊರಡುವ ಹಿಂದಿನ ದಿನ ಮಗಳನ್ನು ನೆಲದ ಮೇಲೆ ನಿಲ್ಲಿಸಿ, ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಹಿಡಿದು, ಅಲ್ಲಿಗೆ ಮುರಿದು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಅವರ ಕ್ರಮ. ಗಲ್ಫಿಗೆ ಹೋಗುವ ಎಷ್ಟೋ ತಂದೆಯರ ಕ್ರಮ ಅದು. ಮುಂದಿನ ರಜೆಗೆ ಬರುವಾಗ ಆ ಕಡ್ಡಿ ಹಿಡಿದು ಶೂ ತೆಗೆಯುವುದು. ಕಾಲು ಬೆಳೆದಿರುತ್ತದಲ್ಲ ಎಂದು ಒಂದು ಬೆರಳು ಹೆಚ್ಚೇ ಹಿಡಿಯುತ್ತಿದ್ದರು. ಮಗಳು ಹಾಕಿಕೊಂಡು ಅಂಗಳದಲ್ಲಿ ನಡೆದು, "ಸರಿ ಉಂಟು ಉಪ್ಪಾ" ಎನ್ನುತ್ತಿದ್ದಳು. ಇದೇ ದನಿ, ಇದೇ ನಗು.

"ಕೆಳಗಿಡು ಮೋಳೇ" ಎಂದರು ನಾಸಿರಾಕ. "ಅದು ನಿನಗೆ ಗಿಡ್ಡ."

"ಸ್ವಲ್ಪ. ಪರವಾಗಿಲ್ಲ, ಅಡ್ಜಸ್ಟ್ ಮಾಡ್ಬಹುದು."

"ಆ ಶೂಗಳು?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ನೆಲ ನೋಡಿದಳು. "ಬೆರಳು ಮಡಚಿದ್ರೆ ಹಿಡೀತಿತ್ತು. ನೀವು ಹೋಗುವವರೆಗೆ ಹಾಕು ಅಂತ ಉಮ್ಮ ಹೇಳ್ತಿದ್ರು. ಮತ್ತೆ ಫಾಯಿಝಾನಿಗೆ ಕೊಡ್ತಿದ್ದೆವು." ಫಾಯಿಝಾ ಮೈಮೂನಾಳ ತಂಗಿಯ ಮಗಳು, ಫಾಹಿಮಾಳಿಗಿಂತ ಚಿಕ್ಕವಳು. ಅಷ್ಟೂ ವರ್ಷ ಅವಳ ಕಾಲಿನಲ್ಲಿ ಒಳ್ಳೊಳ್ಳೆಯ ಶೂ ಇರುತ್ತಿದ್ದದ್ದು ನಾಸಿರಾಕನಿಗೆ ಈಗ ನೆನಪಾಯಿತು.

ಅವರು ಅವಳ ಫೋನನ್ನು ಬದಿಗೆ ಸರಿಸಿ ಸ್ಟೂಲಿನ ಮೇಲೆ ಕುಳಿತರು. ದುಃಖ ಶೂಗಳದ್ದಲ್ಲ. ಒಂದು ಪುಟ್ಟ ಹುಡುಗಿ ಬೆರಳು ಮಡಚಿಕೊಂಡು, ಈ ಮನುಷ್ಯ ಯಾವಾಗ ಹೋಗುತ್ತಾನೋ ಎಂದು ಕಾಯುತ್ತಿದ್ದಳಲ್ಲ, ಅದು. ಮತ್ತೆ ಈಗ ಅವರು ಹೋಗುವವರೂ ಅಲ್ಲ.

"ನೀನು ಕೇಳಿದ್ದೆ" ಎಂದರು. "ಫೋನಿನಲ್ಲಿ. ಕಲಿಸ್ತೀರಾ ಅಂತ. ಸಣ್ಣವಳಿರುವಾಗ."

ಫಾಹಿಮಾ ಯೋಚಿಸಿದಳು. ಸುಳ್ಳು ಹೇಳಬಹುದಿತ್ತು, ಅದರಲ್ಲಿ ಅವಳಿಗೆ ಅಭ್ಯಾಸವಿತ್ತು. ಆದರೆ ಶೂವಿನ ಮಾತು ಹೊರಗೆ ಬಂದ ಮೇಲೆ ಅದು ಕಷ್ಟವಾಯಿತೋ ಏನೋ.

"ನನಗೆ ನೆನಪಿಲ್ಲ ಉಪ್ಪಾ."

ಹೊಡೆತವೆಂದರೆ ಅದು. ನಾಸಿರಾಕ ತಲೆಯಾಡಿಸಿದರು. ತಾನು ಕಡಲಾಚೆ ಅಷ್ಟು ಜೋಪಾನ ಮಾಡಿದ ವಸ್ತು, ಈ ಕಡೆಯಲ್ಲಿ ಯಾವತ್ತೋ ಬಿದ್ದುಹೋಗಿತ್ತು. ಅವಳದ್ದು ತಪ್ಪಲ್ಲ. ಮಕ್ಕಳು ದಿನಕ್ಕೆ ಎಷ್ಟು ಕೇಳುತ್ತಾರೆ. ಜೊತೆಗಿದ್ದ ತಂದೆಯರಿಗೆ ಅದೊಂದೂ ನೆನಪಿರುವುದಿಲ್ಲ. ನೆನಪಿರುವುದು ದೂರದಲ್ಲಿ ಬೇರೇನೂ ಇಲ್ಲದವನಿಗೆ.

ಫಾಹಿಮಾ ರೈಫಲನ್ನು ತಿರುಗಿಸಿ ನೋಡುತ್ತಿದ್ದಳು. "ನೀವು ಹೊಡೆದದ್ದುಂಟಾ?"

"ಇಲ್ಲ."

"ಒಂದೂ ಇಲ್ವಾ? ಅಷ್ಟು ವರ್ಷ ಅಲ್ಲಿದ್ದು?"

"ಕೆಲಸದವರಿಗೆ ಬಿಡ್ಲಿಕ್ಕಿಲ್ಲ."

ಅವಳು ರೈಫಲನ್ನು ಅವರ ಪಕ್ಕ ಒರಗಿಸಿಟ್ಟು ಒಳಗೆ ಹೋದಳು. ಆಯಿತು, ಇನ್ನು ಬರುವುದಿಲ್ಲ ಎಂದುಕೊಂಡು ನಾಸಿರಾಕ ಕಾರ್ಡು ಬಿಡಿಸಲು ಎದ್ದರು. ಅಷ್ಟರಲ್ಲಿ ಅವಳು ಹಿಡಿಸೂಡಿಯ ಒಂದು ಕಡ್ಡಿ ಹಿಡಿದುಕೊಂಡು ಬಂದಳು.

"ಹೇಗೆ ಅಳೆಯುವುದು ಇದಕ್ಕೆ?"

"ಮೊಣಕೈ ಒಳಗಿಂದ, ತೋರುಬೆರಳಿನ ಮೊದಲ ಗೆಣ್ಣಿಗೆ. ನಿನ್ನ ಕೈ ಕೊಡು."

"ನನಗೆ ಪುರುಸೊತ್ತಿಲ್ಲ ಉಪ್ಪಾ, ಹೇಳ್ತೇನೆ ಸೀದಾ. ಆಸೆಯೂ ಇಲ್ಲ. ನಿಮ್ಮ ಕೈ ಕೊಡಿ."

ಮಗಳು ತಂದೆಯ ಕೈಯನ್ನು ಮಡಚಿ, ಕಡ್ಡಿಯ ತುದಿಯನ್ನು ಮೊಣಕೈಯ ಸಂದಿಗೆ ಒತ್ತಿ, ಇನ್ನೊಂದು ತುದಿಯನ್ನು ಬೆರಳಿನವರೆಗೆ ತಂದಳು. ದಿನವೂ ಊರವರ ತೋಳು ಹಿಡಿದು ನರ ಹುಡುಕುವ ಕೈ ಅದು, ಮೆತ್ತಗೆ, ಚುರುಕಾಗಿ ಕೆಲಸ ಮಾಡಿತು. ಯಾರಾದರೂ ತನ್ನ ಅಳತೆ ತೆಗೆದದ್ದು ನಾಸಿರಾಕನಿಗೆ ನೆನಪಿರಲಿಲ್ಲ. ಗೆಣ್ಣಿನ ಹತ್ತಿರ ಅವಳು ಕಡ್ಡಿಯನ್ನು ಟಕ್ಕೆಂದು ಮುರಿದು ಅವರ ಅಂಗಿಯ ಕಿಸೆಗೆ ಹಾಕಿದಳು.

"ಇದರ ಅಳತೆಯದ್ದೇ ತನ್ನಿ" ಎಂದು ಹೇಳಿ, ಫೋನು ಎತ್ತಿಕೊಂಡು ಹೋದಳು. ಅವಳಿಗೆ ಮಧ್ಯಾಹ್ನ ಯಾರದೋ ಮದುವೆಯಿತ್ತು.

ಮರುದಿನ ಅಣ್ಣುವಿನ ರಿಕ್ಷಾದಲ್ಲೇ ಮತ್ತೆ ಮೂಡಬಿದ್ರೆ. "ಹಾಳಾಯ್ತಾ?" ಎಂದ ಅಣ್ಣು. "ಅಳತೆ ತಪ್ಪಿತು" ಎಂದರು ನಾಸಿರಾಕ. ಕೋವಿಗೂ ಅಂಗಿಯ ಹಾಗೆ ಅಳತೆ ಇರುತ್ತದೆಂದು ಅಣ್ಣುವಿಗೆ ಗೊತ್ತಾದದ್ದು ಅವತ್ತು.

ಒಂದು ಗುಂಡೂ ಹೊಡೆಯದ ರೈಫಲ್, ಹಾಗಾಗಿ ಬದಲಿಸಿಕೊಡಲು ರಂಜಿತ್ ತಕರಾರು ಮಾಡಲಿಲ್ಲ. "ಮಗಳು ಬೆಳೆದಿದ್ದಾಳಾ ಸಾರ್?" ಎಂದು ನಕ್ಕ. ನಾಸಿರಾಕ ಕಿಸೆಯಿಂದ ಕಡ್ಡಿ ತೆಗೆದು ಗಾಜಿನ ಮೇಲಿಟ್ಟರು. ರಂಜಿತ್ ಅದನ್ನು ದೊಡ್ಡವರ ರೈಫಲಿನ ಹಿಡಿಗೆ ಹಿಡಿದು ನೋಡಿದ. ಬುಡದಿಂದ ಟ್ರಿಗರಿನವರೆಗೆ ಸರಿಯಾಗಿ ಕೂತಿತು.

"ಇದು ಯಾರ ಕೈ ಅಳತೆ?"

"ನನ್ನದು" ಎಂದರು ನಾಸಿರಾಕ. "ನನಗೇ." ಯಾರಾದರೂ ಕೇಳಿಸಿಕೊಂಡರೋ ಎಂಬಂತೆ ಒಮ್ಮೆ ಹಿಂದೆ ನೋಡಿದರು.

ಆ ಸಂಜೆ ಮನೆಯ ಹಿಂದೆ ಅವರೊಬ್ಬರೇ. ಮಗಳು ಬರಲು ಇನ್ನೂ ಹೊತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಹೊಸ ಕಾರ್ಡು ಸಿಕ್ಕಿಸಿ ಬಂದು ಸುಣ್ಣದ ಗೆರೆಯ ಮೇಲೆ ಕಾಲಿಟ್ಟಾಗ, ಯಾರೋ ಬೈಯುತ್ತಾರೆ ಅನಿಸಿತು. ಯಾರೂ ಬೈಯಲಿಲ್ಲ. ಗುಂಡು ತುಂಬಿಸಿ ಹೆಗಲಿಗೆ ಇಟ್ಟರು. ಮೊಣಕೈ ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು, ಕೆನ್ನೆ ಮರಕ್ಕೆ ತಾಗಿತು, ಬೆರಳು ಹುಡುಕಬೇಕಾಗಲಿಲ್ಲ. ಉಸಿರು ಹಿಡಿದರು. ಈ ಸಲ ಕೆಳಗಿಡಲಿಲ್ಲ.

ಟಪ್ಪೆಂದಿತು. ಇಷ್ಟೇ ಸದ್ದು.

"ಏನು ಬಿದ್ದದ್ದು?" ಎಂದಳು ಮೈಮೂನಾ ಮಿಕ್ಸಿ ನಿಲ್ಲಿಸಿ ಒಳಗಿಂದ.

"ಏನಿಲ್ಲ" ಎಂದರು.

ರೈಫಲಿನ ನಳಿಗೆ ಮಡಚಿ ಸ್ಟೂಲಿನ ಮೇಲೆ ಮಲಗಿಸಿ, ನಡೆದುಹೋಗಿ ಕಾರ್ಡು ಬಿಡಿಸಿದರು. ತೂತು ಕೆಳಗೆ, ಬಲಗಡೆಯ ಅಂಚಿನಲ್ಲಿ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ಬಗ್ಗಿಸಿ, ಗೆರೆಯವರೆಗೆ ಬಂದು ಚಾಚಿದರು.

ಗೆರೆಯ ಆಚೆ ಯಾರೂ ಇರಲಿಲ್ಲ. ಸ್ಟೂಲು, ಅದರ ಮೇಲೆ ರೈಫಲು. ಚಾಚಿದ ಕೈ ಚಾಚಿದಲ್ಲೇ ನಿಂತಿತು. ತಾವು ಯಾರಿಗೆ ಕಾರ್ಡು ತಂದದ್ದೆಂದು ಅವರಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಮತ್ತೆ ಗೆರೆ ದಾಟಿ ಆ ಕಡೆಗೆ ಹೋಗಿ, ಹೊಡೆದವನ ಜಾಗದಲ್ಲಿ ನಿಂತು, ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಬಾಯಿಗೆ ಹಳೆಯ ಮಾತು ಬಂತು. ಅದರಲ್ಲಿ ಸಾಹೇಬ್ ಎನ್ನುವಲ್ಲಿ ಸ್ವಲ್ಪ ತಡೆಯಿತು.

"ಪರವಾಗಿಲ್ಲ ನಾಸಿರ್" ಎಂದರು. "ಮುಂದಿನದ್ದು ಒಳಗೆ ಬೀಳ್ತದೆ."

ಒಳಗೆ ಮಿಕ್ಸಿ ಮತ್ತೆ ತಿರುಗುತ್ತಿತ್ತು. ಆ ಮಾತು ಅವರೊಬ್ಬರಿಗೇ ಕೇಳಿಸಿತು.